ಟಿಪ್ಪುವಿನ ಸಚಿವ ಮತ್ತು ನಮ್ಮ ಸಚಿವರು

ಶ್ರೀರಂಗಪಟ್ಟಣಕ್ಕೆ ಬಂದ ಪ್ರವಾಸಿಗರಿಗೆ ಟಾಂಗಾದವರು ಹೇಳುವ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಸುಲ್ತಾನ ಬಿದ್ದ, ಅಲ್ಲಿ ಮೀರ್ ಸಾದಿಕ್ ಸತ್ತ, ಜನ ಅವನ ಹೆಣಕ್ಕೆ ಕಲ್ಲು ಹೊಡೆದರು. ಕೇಳಿದವರು ಒಮ್ಮೆ ತಲೆ ಕೊಡವಿ, ಒಂದು ಫೋಟೋ ತೆಗೆಸಿಕೊಂಡು, ದರಿಯಾ ದೌಲತ್ ಕಡೆ ನಡೆಯುತ್ತಾರೆ. ಅದೇ ಊರಿನಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲು ಕಂಬಗಳ ಮೇಲೆ ನಿಂತಿರುವ ಹಳೆಯ ಸೇತುವೆಯನ್ನು ಕಟ್ಟಿಸಿದವನ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಿದರೂ ಟಾಂಗಾದವನಿಗೆ ಕಥೆ ಹೇಳಲು ಕಷ್ಟವೇ. ಏಕೆಂದರೆ ಆ ಸೇತುವೆಯನ್ನು ಕಟ್ಟಿಸಿದವನು ಟಿಪ್ಪು ಸುಲ್ತಾನನ ಸಚಿವ. ಸೇತುವೆಗೆ ಇಟ್ಟ ಹೆಸರು ಟಿಪ್ಪುವನ್ನು ಮುಗಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಕಲ್ಲು ಹೊಡೆಯಲೂ ಆಗದ, ಹಾರ ಹಾಕಲೂ ಆಗದ ಮನುಷ್ಯ ದಿವಾನ್ ಪೂರ್ಣಯ್ಯ.

ಈಗ ಈ ಪೂರ್ಣಯ್ಯನನ್ನು ನಾವು ನೆನಪಿಸಿಕೊಳ್ಳಲು ಕಾರಣ ನಮ್ಮ ಕಾಲದ ಸಚಿವರು. ಟಿಪ್ಪುವಿನ ಬಗ್ಗೆ ತೀರ್ಪು ಕೊಡುವುದು ಕರ್ನಾಟಕದಲ್ಲಿ ಸಚಿವರ ಖಾತೆಗೆ ಸೇರಿದ ಕೆಲಸವೋ ಎಂಬಂತೆ ನಡೆದುಕೊಂಡು ಬಂದಿದೆ. 2006ರಲ್ಲಿ ಆಗಿನ ಉನ್ನತ ಶಿಕ್ಷಣ ಸಚಿವ ಡಿ.ಎಚ್. ಶಂಕರಮೂರ್ತಿಯವರು ಟಿಪ್ಪು ಕನ್ನಡ ವಿರೋಧಿ ಎಂದರು. 2023ರ ಫೆಬ್ರವರಿಯಲ್ಲಿ ಅದೇ ಖಾತೆಯಲ್ಲಿ ಕುಳಿತಿದ್ದ ಸಿ.ಎನ್. ಅಶ್ವತ್ಥನಾರಾಯಣ ಅವರು ಇದೇ ಮಂಡ್ಯ ಜಿಲ್ಲೆಯಲ್ಲಿ, ಟಿಪ್ಪುವನ್ನು ಉರಿಗೌಡ, ನಂಜೇಗೌಡರು ಮುಗಿಸಿದಂತೆ ಸಿದ್ದರಾಮಯ್ಯನವರನ್ನೂ ಮುಗಿಸಬೇಕು ಎಂಬರ್ಥದ ಮಾತಾಡಿ ಆಮೇಲೆ ವಿಷಾದ ಸೂಚಿಸಿದರು. ಮಾರ್ಚ್‌ನಲ್ಲಿ ಪ್ರಧಾನಿ ಮಂಡ್ಯಕ್ಕೆ ಬರುವ ಹೊತ್ತಿಗೆ ಆ ಇಬ್ಬರ ಹೆಸರಿನ ಮಹಾದ್ವಾರವೂ ಎದ್ದಿತು, ಗದ್ದಲವಾದ ಮೇಲೆ ಹೆಸರು ಬದಲಾಯಿತು. ಇನ್ನೊಬ್ಬ ಸಚಿವರು, ಚಿತ್ರ ನಿರ್ಮಾಪಕರೂ ಆದ ಮುನಿರತ್ನ ಅವರು ಆ ಹೆಸರಿನ ಸಿನಿಮಾಕ್ಕೆ ಶೀರ್ಷಿಕೆ ನೋಂದಾಯಿಸಲು ಹೊರಟರು. ನಾಗಮಂಗಲ ತಾಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಕರೆಸಿ ಮಾತಾಡಿದ ಮೇಲೆ ಆ ಸಿನಿಮಾ ಅಲ್ಲಿಗೇ ನಿಂತಿತು.

ಸಿನಿಮಾ ನಿಂತಿತು, ಕಥೆ ನಿಲ್ಲಲಿಲ್ಲ. ಹಳ್ಳಿಕಟ್ಟೆಯಲ್ಲಿ, ಮೊಬೈಲಿನಲ್ಲಿ ಅದು ಓಡಾಡುತ್ತಲೇ ಇದೆ. ಆದ್ದರಿಂದ ಈ ಕಥೆಗೆ ಉತ್ತರವನ್ನು ನಾವು ಟಿಪ್ಪುವಿನ ಗುಣಗಾನದಲ್ಲಿ ಹುಡುಕುವುದಿಲ್ಲ. ಟಿಪ್ಪುವಿನ ಪಕ್ಕದಲ್ಲೇ ಕುಳಿತು ಲೆಕ್ಕ ಬರೆದ, ಟಿಪ್ಪು ಸತ್ತ ಮೇಲೆ ಕಂಪನಿಯವರ ಎದುರೂ ಕುಳಿತು ಲೆಕ್ಕ ಬರೆದ ಒಬ್ಬ ಬ್ರಾಹ್ಮಣನ ಬದುಕಿನಲ್ಲಿ ಹುಡುಕುತ್ತೇವೆ. ಅವನಿಗಿಂತ ಉತ್ತಮ ಸಾಕ್ಷಿ ಇನ್ಯಾರು?

ಪೂರ್ಣಯ್ಯ ಹುಟ್ಟಿದ್ದು 1746ರಲ್ಲಿ, ಕೊಯಮತ್ತೂರು ಸೀಮೆಯ ಒಂದು ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಹೊಟ್ಟೆಪಾಡಿಗೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಆ ಅಂಗಡಿಯ ನಂಟಿನಿಂದ, ಹೈದರಲಿಯ ಅರಮನೆಗೆ ದಿನಸಿ ಪೂರೈಸುತ್ತಿದ್ದ ಅನ್ನದಾನ ಶೆಟ್ಟಿ ಎಂಬ ವರ್ತಕನ ಪರಿಚಯ. ಅಲ್ಲಿಂದ 1770ರ ಸುಮಾರಿಗೆ ಹೈದರನ ಲೆಕ್ಕದ ಇಲಾಖೆ. ಅಕ್ಷರ ಬಾರದ ಹೈದರಲಿಗೆ ಅಕ್ಷರವೂ ಅಂಕಿಯೂ ಅಚ್ಚುಕಟ್ಟಾಗಿ ಬಲ್ಲ ಈ ಹುಡುಗ ಹಿಡಿಸಿದ. ಜಾತಿ ಕೇಳಿದವರು ಯಾರೂ ಇಲ್ಲ. ದಿನಸಿ ಅಂಗಡಿಯ ಗುಮಾಸ್ತನೊಬ್ಬ ರಾಜ್ಯದ ಖಜಾನೆಯವರೆಗೆ ಏರಬಹುದಾದ ಆಡಳಿತ ಅದಾಗಿತ್ತು ಎಂಬುದನ್ನು ಮಾತ್ರ ಓದುಗರು ಗಮನಿಸಬೇಕು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಶಿಬಿರದಲ್ಲಿ ಹೈದರಲಿ ಕಣ್ಣು ಮುಚ್ಚಿದ. ಎದುರಿಗೆ ಇಂಗ್ಲಿಷ್ ಸೈನ್ಯ, ಉತ್ತರಾಧಿಕಾರಿ ಟಿಪ್ಪು ದೂರದ ಮಲಬಾರಿನಲ್ಲಿ. ಸುದ್ದಿ ಹೊರಬಿದ್ದರೆ ಸೈನ್ಯ ಚದುರಿಹೋಗುತ್ತಿತ್ತು. ಆಗ ಪೂರ್ಣಯ್ಯ ಮತ್ತು ಖಜಾನೆಯ ಕೃಷ್ಣರಾವ್ ಮಾಡಿದ ಕೆಲಸ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಲ್ಲ. ಶವವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಸಾಗಾಟವೆಂಬಂತೆ ಹೊರಡಿಸಿದರು. ಸರದಾರರ ಜತೆ ದಿನನಿತ್ಯದ ವ್ಯವಹಾರ ನವಾಬ ಬದುಕಿದ್ದಂತೆಯೇ ನಡೆಯಿತು. ಟಿಪ್ಪುವಿಗೆ ಓಲೆಕಾರರು ಓಡಿದರು. ಇದರ ನಡುವೆ ಹೈದರನ ರಕ್ತಸಂಬಂಧಿಯೊಬ್ಬನೇ ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಗಾದಿಗೆ ತರುವ ಹೊಂಚು ಹಾಕಿದ್ದ; ಅದನ್ನೂ ಮುರಿದದ್ದಾಯಿತು. ಟಿಪ್ಪುವಿನ ಸಿಂಹಾಸನಕ್ಕೆ ಮೊದಲ ಸಂಚು ಬಂದದ್ದು ಮುಸ್ಲಿಮ್ ನೆಂಟನಿಂದ, ಅದನ್ನು ಕಾಯ್ದವರು ಇಬ್ಬರು ಬ್ರಾಹ್ಮಣರು. ಟಿಪ್ಪುವಿನ ಆಳ್ವಿಕೆಯನ್ನು ಹಿಂದೂ ಮುಸ್ಲಿಮ್ ಯುದ್ಧವೆಂದು ಓದಿಸುವ ಗೆಳೆಯರು ಈ ಮೊದಲ ಪುಟವನ್ನೇ ಹಾರಿಸಿಬಿಡುತ್ತಾರೆ.

ಮುಂದಿನ ಹದಿನೇಳು ವರ್ಷ ಪೂರ್ಣಯ್ಯ ಟಿಪ್ಪುವಿನ ಜತೆಗಿದ್ದ. ಕಂದಾಯ, ಲೆಕ್ಕಪತ್ರ, ದಂಡಿಗೆ ದವಸ, ಎತ್ತು, ಸಂಬಳ ಎಲ್ಲದರಲ್ಲೂ ಅವನ ಕೈ. ಬರಿ ಕಚೇರಿಯ ಮನುಷ್ಯನೂ ಅಲ್ಲ. ಯುದ್ಧಭೂಮಿಯಲ್ಲಿ ತುಕಡಿಗಳನ್ನು ನಡೆಸಿದವನು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಹೋದರು. ಆ ದಂಡವನ್ನು ತೀರಿಸಿ ಮಕ್ಕಳು 1794ರಲ್ಲಿ ಮರಳಿ ಬರುವಂತೆ ಮಾಡಿದ ಆಡಳಿತದಲ್ಲಿ ಪೂರ್ಣಯ್ಯ ಮುಖ್ಯನಾಗಿದ್ದ. 1799ರ ಕೊನೆಯ ಯುದ್ಧದಲ್ಲೂ ಕುದುರೆ ದಳದ ಹೊಣೆ ಹೊತ್ತವರಲ್ಲಿ ಅವನೊಬ್ಬ. ಕಂಪನಿಯ ವಿರುದ್ಧ ಇಷ್ಟು ವರ್ಷ ದುಡಿದ ಸಚಿವ ಆ ಕಾಲದ ದಕ್ಷಿಣದಲ್ಲಿ ಇನ್ನೊಬ್ಬ ಸಿಗುವುದು ಕಷ್ಟ.

ಬಂಗಾಳದಲ್ಲಿ ಇಂಥದೇ ಒಂದು ಜೀವವಿತ್ತು. 1757ರ ಪ್ಲಾಸಿಯಲ್ಲಿ ಸಿರಾಜುದ್ದೌಲನ ದಿವಾನ ಮೋಹನಲಾಲ್ ಕೊನೆಯ ಗಳಿಗೆಯವರೆಗೂ ಕಂಪನಿಯ ವಿರುದ್ಧ ನಿಂತ. ಅವನ ಪಕ್ಕದಲ್ಲಿ ಮೀರ್ ಮದನ್ ಪ್ರಾಣ ಕೊಟ್ಟ. ಮೀರ್ ಜಾಫರ್ ಕೈಕಟ್ಟಿ ನಿಂತ; ಅವನ ಜತೆ ರಾಯ್ ದುರ್ಲಭನೂ ನಿಂತ, ಹಿಂದೆ ಜಗತ್ ಸೇಠರ ಹಣವಿತ್ತು. ನಿಷ್ಠರಲ್ಲೂ ಒಬ್ಬ ಹಿಂದೂ ಒಬ್ಬ ಮುಸ್ಲಿಮ್, ದ್ರೋಹಿಗಳಲ್ಲೂ ಹಾಗೆಯೇ. ಶ್ರೀರಂಗಪಟ್ಟಣದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. 1799ರಲ್ಲಿ ಕೋಟೆಯನ್ನು ಮುತ್ತಿದ ದಂಡಿನಲ್ಲಿ ಹೈದರಾಬಾದ್ ನಿಜಾಮನ ಸೈನ್ಯ ಇತ್ತು, ಅದರ ಜತೆ ಮೀರ್ ಆಲಂ ಬಂದಿದ್ದ. ಟಿಪ್ಪುವಿನ ಸರದಾರ ಕಮರುದ್ದೀನ್ ಖಾನ್ ಯುದ್ಧ ಮುಗಿದ ಮೇಲೆ ಕಂಪನಿಯಿಂದ ಗುರ್ರಂಕೊಂಡದ ಜಹಗೀರು ಪಡೆದ. ಮುಸ್ಲಿಮ್ ದೊರೆಯ ಮೇಲೆ ಮುಸ್ಲಿಮ್ ದೊರೆಯೇ ದಂಡೆತ್ತಿ ಬಂದ ಯುದ್ಧವನ್ನು ಧರ್ಮಯುದ್ಧವೆಂದು ಕರೆಯುವ ಜಾಣ್ಮೆ ನಮಗಂತೂ ಇಲ್ಲ.

ಇಲ್ಲಿ ನಮ್ಮವರಿಗೂ ಎರಡು ಮಾತು ಹೇಳಬೇಕಾಗಿದೆ. ಮೀರ್ ಸಾದಿಕ್ ಎಂಬ ಹೆಸರು ನಮ್ಮ ಸಭೆಗಳಲ್ಲಿ ಬಹಳ ಅಗ್ಗವಾಗಿಬಿಟ್ಟಿದೆ. ಜಮಾಅತಿನ ಚುನಾವಣೆಯಲ್ಲಿ ಸೋತವನು ಗೆದ್ದವನನ್ನು ಮೀರ್ ಸಾದಿಕ್ ಎನ್ನುತ್ತಾನೆ. ಬೇರೆ ಪಕ್ಷ ಸೇರಿದವನೂ ಮೀರ್ ಸಾದಿಕ್, ಮಸೀದಿ ಕಮಿಟಿಯ ಲೆಕ್ಕ ಕೇಳಿದವನೂ ಮೀರ್ ಸಾದಿಕ್. ಕವಿ ಇಕ್ಬಾಲರು ಬಂಗಾಳದ ಜಾಫರನನ್ನೂ ದಕ್ಖನಿನ ಸಾದಿಕನನ್ನೂ ಜೋಡಿಯಾಗಿ ಶಪಿಸಿದ ಮೇಲೆ ಭಾಷಣಕಾರರಿಗೆ ಬೇರೆ ಸಾಕ್ಷ್ಯವೇ ಬೇಡವಾಯಿತು. ಕೋಟೆಯ ಬಿರುಕಿನ ಬಳಿಯಿಂದ ಸಂಬಳದ ನೆಪದಲ್ಲಿ ಸಿಪಾಯಿಗಳನ್ನು ಕರೆಸಿಕೊಂಡ ಎಂಬ ಆರೋಪ ಅವನ ಮೇಲಿದೆ, ಸೈನಿಕರೇ ಅವನನ್ನು ಕೊಂದರು ಎಂದು ಬರಹಗಳಿವೆ. ಇರಲಿ. ಆದರೆ ಒಂದು ರಾಜ್ಯ ಒಬ್ಬನೇ ಮನುಷ್ಯನ ಕೈಸನ್ನೆಯಿಂದ ಬೀಳುವುದಿಲ್ಲ. 1792ರಲ್ಲಿ ಅರ್ಧ ರಾಜ್ಯ ಕಳೆದುಕೊಂಡಾಗಲೇ ಟಿಪ್ಪುವಿನ ಕೈ ಮುರಿದಿತ್ತು. ಮರಾಠರು, ನಿಜಾಮ, ಕಂಪನಿ ಮೂವರೂ ಒಟ್ಟಾಗಿ ಬಂದ ದಿನವೇ ಸೋಲು ಶುರುವಾಗಿತ್ತು. ಎಲ್ಲವನ್ನೂ ಒಬ್ಬ ದ್ರೋಹಿಯ ತಲೆಗೆ ಕಟ್ಟಿದರೆ ಯೋಚಿಸುವ ಕಷ್ಟ ತಪ್ಪುತ್ತದೆ, ಅಷ್ಟೇ. ಉರಿಗೌಡ, ನಂಜೇಗೌಡರ ಕಥೆ ಕಟ್ಟಿದವರೂ ಮಾಡಿದ್ದು ಇದನ್ನೇ, ಬೇರೆ ಬಣ್ಣದಲ್ಲಿ. ನಾವು ದ್ರೋಹಿಯೊಬ್ಬನಿಂದ ಸೋಲನ್ನು ವಿವರಿಸಿಕೊಂಡೆವು, ಅವರು ವೀರರಿಬ್ಬರಿಂದ ಗೆಲುವನ್ನು ಹುಟ್ಟಿಸಿಕೊಂಡರು.

ಈಗ ಆ ಗೆಲುವಿನ ಕಥೆಗೆ ಬರೋಣ. 1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಸಂಜೆ ಕತ್ತಲಲ್ಲಿ ಜನರಲ್ ಬೇರ್ಡ್ ದೀಪ ಹಿಡಿಸಿ ಹೆಣಗಳ ರಾಶಿಯಲ್ಲಿ ಸುಲ್ತಾನನನ್ನು ಹುಡುಕಿದ. ಕೊನೆಯವರೆಗೂ ಜತೆಗಿದ್ದ ಸೇವಕ ರಾಜಾ ಖಾನ್ ಗಾಯಗೊಂಡು ಬದುಕಿದ್ದ; ಅವನ ಹೇಳಿಕೆಯೇ ಮುಖ್ಯ ಸಾಕ್ಷ್ಯ. ಗಾಯಗೊಂಡು ಬಿದ್ದಿದ್ದ ಟಿಪ್ಪುವಿನ ಕತ್ತಿಯ ಪಟ್ಟಿಗೆ ಕಂಪನಿ ಸೈನ್ಯದ ಸೈನಿಕನೊಬ್ಬ ಕೈಹಾಕಿದ, ಟಿಪ್ಪು ಕತ್ತಿ ಬೀಸಿದ, ಸೈನಿಕ ತಲೆಗೆ ಗುಂಡು ಹೊಡೆದ. ಆ ಸೈನಿಕ ಯಾರೆಂದು ಕಂಪನಿಗೂ ಕೊನೆಗೂ ತಿಳಿಯಲಿಲ್ಲ. ಹೆಸರಿಲ್ಲದ ಆ ಜಾಗ ಖಾಲಿ ಇತ್ತು. ಇನ್ನೂರು ವರ್ಷ ಕಳೆದ ಮೇಲೆ ಅಲ್ಲಿ ಎರಡು ಹೆಸರು ತಂದು ಕೂರಿಸಿದರು.

ನಾವು ಒಂದು ಸರಳ ಪ್ರಶ್ನೆ ಕೇಳುತ್ತೇವೆ. ಟಿಪ್ಪುವನ್ನು ಇಬ್ಬರು ಸ್ಥಳೀಯ ಗೌಡರು ಕೊಂದಿದ್ದರೆ ಅವರಿಗೆ ಸಿಕ್ಕಿದ್ದೇನು? ಸುಲ್ತಾನನ ಸಿಂಹಾಸನವನ್ನೇ ತುಂಡು ಮಾಡಿ ಹಂಚಿಕೊಂಡ ಕಂಪನಿ, ಶರಣಾದ ಸರದಾರರಿಗೆಲ್ಲ ಪಿಂಚಣಿ, ಜಹಗೀರು ಕೊಟ್ಟ ಕಂಪನಿ, ತನ್ನ ಪರಮ ಶತ್ರುವನ್ನು ಕೊಂದವರಿಗೆ ಒಂದು ಹೊಲ ಕೊಡದೆ ಬಿಟ್ಟೀತೇ? ಮರಳಿ ಪಟ್ಟಕ್ಕೆ ಬಂದ ಒಡೆಯರ ಮನೆತನ ಒಂದು ಇನಾಮು ಬರೆಸದೆ ಇದ್ದೀತೇ? ಒಡೆಯರ ದಿವಾನನಾಗಿ 1799ರಿಂದ 1811ರವರೆಗೆ ಕುಳಿತವನು ಇದೇ ಪೂರ್ಣಯ್ಯ. ಇನಾಮು ಬರೆಯಬೇಕಾದರೂ ಅವನ ಕಚೇರಿಯಲ್ಲೇ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಪೂರ್ಣಯ್ಯನ ಜತೆ ಕೆಲಸ ಮಾಡಿದವನು. 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ಮೈಸೂರಿನ ಇತಿಹಾಸ ಬರೆದ. ಟಿಪ್ಪುವನ್ನು ಹಳಿಯುವ ಒಂದು ಅವಕಾಶವನ್ನೂ ಬಿಡದ ಲೇಖಕ ಆತ. ಅಂಥವನ ಪುಟಗಳಲ್ಲೂ ಉರಿಗೌಡನಿಲ್ಲ, ನಂಜೇಗೌಡನಿಲ್ಲ. ಇದಕ್ಕಿಂತಲೂ ನಮ್ಮನ್ನು ಚುಚ್ಚುವ ಸಂಗತಿ, ಈ ಕಥೆ ಮಂಡ್ಯದ ಒಕ್ಕಲಿಗರಿಗೆ ಕೊಡುವ ಪಾತ್ರ. ಕಂಪನಿಯ ತೋಪುಗಳು ಕೋಟೆ ಒಡೆಯುತ್ತಿದ್ದಾಗ ಒಳಗಿನಿಂದ ಸ್ವಂತ ದೊರೆಯನ್ನು ಇರಿದವರು ಎಂದು ಅವರನ್ನು ಹೊಗಳುವುದು ಹೊಗಳಿಕೆಯೇ? ಅದನ್ನು ಒಪ್ಪಿದರೆ ಒಕ್ಕಲಿಗರ ಪಾಲಿಗೆ ಮೀರ್ ಸಾದಿಕನ ಸ್ಥಾನ ಬರುತ್ತದೆ ಎಂಬುದು ಕಥೆಗಾರರಿಗೆ ಹೊಳೆಯಲೇ ಇಲ್ಲ.

ಈ ನಾಲ್ಕು ತಾಲೂಕುಗಳ ನೆಲದಲ್ಲಿ ಆ ಕಾಲದ ನೋವು ನಿಜವಾಗಿ ಎಲ್ಲೆಲ್ಲಿ ಬಿದ್ದಿತ್ತು ಎಂದು ಹುಡುಕಿದರೆ ಸಿಗುವುದು ಬೇರೆಯೇ ಚಿತ್ರ. ಪಾಂಡವಪುರ ತಾಲೂಕಿನ ಚಿನಕುರಳಿಯ ಬಳಿ 1771ರಲ್ಲಿ ಹೈದರಲಿಯನ್ನು ಸೋಲಿಸಿದ ಮರಾಠ ಸೈನ್ಯ ಮೇಲುಕೋಟೆಗೆ ನುಗ್ಗಿ ಕೊಳ್ಳೆ ಹೊಡೆಯಿತು. ಕಬ್ಬಿಣದಾಸೆಗೆ ದೇವರ ಮರದ ರಥಗಳಿಗೇ ಬೆಂಕಿ ಇಟ್ಟರು ಎಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಟಿಪ್ಪುವಿನ ಮೇಲೆ ಯುದ್ಧ ನಡೆಯುತ್ತಿದ್ದಾಗ ನಾಗಮಂಗಲವನ್ನು ಹಾಳುಗೆಡವಿದ್ದು ಪರಶುರಾಮ ಭಾವುವಿನ ದಂಡು. ಅದೇ ಭಾವುವಿನ ಕಡೆಯವರು 1791ರಲ್ಲಿ ಶೃಂಗೇರಿ ಮಠವನ್ನು ದೋಚಿದರು, ಮತ್ತೆ ಪ್ರತಿಷ್ಠಾಪನೆಗೆ ಹಣ ಕಳಿಸಿದವನು ಟಿಪ್ಪು. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಇದರಿಂದ ಮರಾಠರೆಲ್ಲ ಹಿಂದೂ ವಿರೋಧಿಗಳು ಎಂದು ಯಾರಾದರೂ ಹೇಳುತ್ತಾರೆಯೇ? ಹೇಳಬಾರದು, ಹೇಳುವುದೂ ಇಲ್ಲ. ಆ ರಿಯಾಯಿತಿ ಟಿಪ್ಪುವಿಗೆ ಮಾತ್ರ ಏಕಿಲ್ಲ?

ಮೇಲುಕೋಟೆಯ ಮಾತು ಬಂದಾಗ ನಾವು ಕಣ್ಣು ತಪ್ಪಿಸುವುದಿಲ್ಲ. ಅಲ್ಲಿನ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ನರಕ ಚತುರ್ದಶಿಯಂದು ಹಬ್ಬವಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮವರು ಕೊಲೆಯಾದರು ಎಂಬ ನೆನಪನ್ನು ಅವರು ತಲೆಮಾರುಗಳಿಂದ ಕಾಯ್ದುಕೊಂಡಿದ್ದಾರೆ. ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಪ್ರಧಾನ ತಿರುಮಲರಾಯ 1782ರಲ್ಲಿ ಕಂಪನಿಯ ಜತೆ ಒಪ್ಪಂದ ಮಾಡಿಕೊಂಡಿದ್ದ, ಅದು ರಾಜಕೀಯ ಸೇಡು ಎಂದು ನಮ್ಮಲ್ಲಿ ಕೆಲವರು ತಕ್ಷಣ ಉತ್ತರ ಕೊಡುತ್ತಾರೆ. ಮನೆಯವರನ್ನು ಕಳೆದುಕೊಂಡವರಿಗೆ ಆ ವಿವರಣೆಯಿಂದ ಏನು ಸಮಾಧಾನ? ಪೂರ್ಣಯ್ಯನ ಜತೆ ಹೈದರನ ಸಾವನ್ನು ಮುಚ್ಚಿಟ್ಟಿದ್ದ ಆ ಕೃಷ್ಣರಾವ್‌ನನ್ನೇ 1791ರಲ್ಲಿ ಸಂಚಿನ ಆರೋಪದ ಮೇಲೆ ಕೊಲ್ಲಲಾಯಿತು. ಟಿಪ್ಪು ಹದಿನೆಂಟನೇ ಶತಮಾನದ ದೊರೆ, ಕ್ರೌರ್ಯ ಅವನಿಗೆ ಅಪರಿಚಿತವಾಗಿರಲಿಲ್ಲ. ಕೊಡಗಿನವರ, ಮಲಬಾರಿನವರ ದುಃಖವನ್ನು ನಮ್ಮ ಅಭಿಮಾನದ ಕೆಳಗೆ ಹೂಳಬೇಕಾಗಿಲ್ಲ. ಆದರೆ ದೇವಾಲಯದ ದೀವಟಿಗೆ ಸಲಾಂ ಎಂಬ ಎರಡು ಪದಗಳಿಂದ ಸಲಾಂ ಕಿತ್ತು ನಮಸ್ಕಾರ ಇಟ್ಟರೆ ಆ ದುಃಖಕ್ಕೆ ಮದ್ದಾದೀತೆಂದು 2022ರ ಡಿಸೆಂಬರ್‌ನಲ್ಲಿ ಆಗಿನ ಮುಜರಾಯಿ ಸಚಿವರು ತಿಳಿದದ್ದು ಮಾತ್ರ ನಮಗೆ ಅರ್ಥವಾಗಲಿಲ್ಲ. ಮತ್ತೊಬ್ಬ ಸಚಿವರು!

ಕೆ.ಆರ್. ಪೇಟೆ ತಾಲೂಕಿನ ಬೂಕನಕೆರೆ ಬಿ.ಎಸ್. ಯಡಿಯೂರಪ್ಪನವರ ಹುಟ್ಟೂರು. ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ್ದ ದಿನಗಳಲ್ಲಿ ಅವರು ಟಿಪ್ಪುವಿನ ಪೇಟ ತೊಟ್ಟು, ಕೈಯಲ್ಲಿ ಖಡ್ಗ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿದೆ. 2019ರ ಜುಲೈಯಲ್ಲಿ ಮುಖ್ಯಮಂತ್ರಿಯಾಗಿ ಬಂದ ಕೆಲವೇ ದಿನಗಳಲ್ಲಿ ಅವರ ಸರಕಾರ ಟಿಪ್ಪು ಜಯಂತಿಯನ್ನು ರದ್ದು ಮಾಡಿತು. ಆರು ಏಳು ವರ್ಷದಲ್ಲಿ ಟಿಪ್ಪುವಿನ ಚರಿತ್ರೆಯಲ್ಲಿ ಹೊಸ ದಾಖಲೆ ಯಾವುದೂ ಸಿಕ್ಕಿರಲಿಲ್ಲ. 2015ರಲ್ಲಿ ಜಯಂತಿಯನ್ನು ಶುರು ಮಾಡಿದ ಕಾಂಗ್ರೆಸ್ ಸರಕಾರಕ್ಕೂ ಚರಿತ್ರೆಗಿಂತ ಚುನಾವಣೆಯೇ ಕಣ್ಣಮುಂದೆ ಇತ್ತೆಂದು ನಾವು ಭಾವಿಸುತ್ತೇವೆ. ಸರಕಾರಿ ಜಯಂತಿ ಬೇಕೆಂದು ಸುಲ್ತಾನನೂ ಅರ್ಜಿ ಹಾಕಿರಲಿಲ್ಲ, ಬಡ ಮುಸಲ್ಮಾನನೂ ಹಾಕಿರಲಿಲ್ಲ. 2025ರಲ್ಲಿ ಸಚಿವ ಎಚ್.ಸಿ. ಮಹದೇವಪ್ಪನವರು ಕನ್ನಂಬಾಡಿಗೆ ಮೊದಲು ಅಡಿಗಲ್ಲು ಹಾಕಿದ್ದು ಟಿಪ್ಪು ಎಂದು ಹೇಳಿ ಇನ್ನೊಂದು ಗದ್ದಲಕ್ಕೆ ದಾರಿ ಮಾಡಿದರು. ಕಾವೇರಿಗೆ ಅಣೆ ಕಟ್ಟುವ ಬಯಕೆ ಟಿಪ್ಪುವಿಗಿತ್ತು ಎಂದು ಹೇಳುವ ಪರ್ಷಿಯನ್ ಶಾಸನ ಅಲ್ಲೇ ಇದೆ. ಆದರೆ 1911ರಲ್ಲಿ ಕೆಲಸ ಶುರು ಮಾಡಿ ಕಟ್ಟಿ ಮುಗಿಸಿದ್ದು ನಾಲ್ವಡಿಯವರ ಆಳ್ವಿಕೆ, ವಿಶ್ವೇಶ್ವರಯ್ಯನವರ ಬುದ್ಧಿ, ಹೆಸರಿಲ್ಲದ ಕೂಲಿಗಳ ಬೆವರು. ಇಲ್ಲದ ಕೀರ್ತಿಯನ್ನು ಟಿಪ್ಪುವಿಗೆ ಕಟ್ಟಿದರೆ ಇರುವ ಕೀರ್ತಿಯನ್ನೂ ಜನ ಅನುಮಾನಿಸುತ್ತಾರೆ.

ಇನ್ನು ಪೂರ್ಣಯ್ಯನ ಎರಡನೇ ಬದುಕು. ಟಿಪ್ಪು ಮಣ್ಣಾದ ಮೇಲೆ ಅವನು ಜನರಲ್ ಹ್ಯಾರಿಸ್‌ನ ಎದುರು ಬಂದ. ಬಂದು ಕೇಳಿದ್ದೇನು? ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನೇ ಪಟ್ಟಕ್ಕೆ ಕೂರಿಸಿ, ಕಂಪನಿಗೆ ಕಪ್ಪ ಕೊಡಿಸೋಣ ಎಂದು ಅವನು ಸೂಚಿಸಿದ್ದನ್ನು ವಿಲ್ಕ್ಸ್ ಬರೆದಿದ್ದಾನೆ. ಟಿಪ್ಪುವಿನ ಕೈಕೆಳಗೆ ನಲುಗಿಹೋಗಿದ್ದ ಬ್ರಾಹ್ಮಣನೊಬ್ಬ ಬಿಡುಗಡೆಯಾದ ಕ್ಷಣದಲ್ಲಿ ಕೇಳುವ ಮಾತೇ ಇದು? ಇಲ್ಲಿಗೆ ಬಂದಾಗ ಟಿಪ್ಪುವನ್ನು ಬರಿ ಮತಾಂಧನೆಂದು ಚಿತ್ರಿಸುವವರು ಪುಸ್ತಕ ಮುಚ್ಚಲೇಬೇಕಾಗುತ್ತದೆ. ಕಂಪನಿ ಅವನ ಮಾತು ಕೇಳಲಿಲ್ಲ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯ ದಿವಾನನಾದ. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಕಳಿಸಿದರು. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದ ಮೇಲೆ ಅಲ್ಲಿಂದ ಇನ್ನೂ ದೂರ, ಕಲ್ಕತ್ತೆಗೆ. ಕಂಪನಿಯ ವಿರುದ್ಧ ಹೋರಾಡಿದ ಮನೆತನ ಕಂಪನಿಯ ರಾಜಧಾನಿಯಲ್ಲೇ ಪಿಂಚಣಿ ಎಣಿಸುತ್ತ ಕರಗಿತು; ಕಲ್ಕತ್ತೆಯ ನಡುಬೀದಿಯಲ್ಲಿರುವ ಟಿಪ್ಪು ಸುಲ್ತಾನ್ ಮಸೀದಿಯನ್ನು ಕಟ್ಟಿಸಿದ್ದು ಆ ಮಕ್ಕಳಲ್ಲಿ ಒಬ್ಬನಾದ ಗುಲಾಮ್ ಮುಹಮ್ಮದ್.

ಆ ಮಕ್ಕಳ ಪರ ಮೊದಲ ದಿನ ಮಾತಾಡಿದ ಪೂರ್ಣಯ್ಯ ಮರುದಿನದಿಂದ ಏನು ಮಾಡಿದ? ವರ್ಷಕ್ಕೆ ಏಳು ಲಕ್ಷ ಪಗೋಡ ಕಪ್ಪವನ್ನು ಕಂಪನಿಗೆ ತಪ್ಪದೆ ಕಟ್ಟಿದ. 1800ರಲ್ಲಿ ಕಂಪನಿಯ ಮೇಲೆ ಕತ್ತಿ ಎತ್ತಿದ ಧೋಂಡಿಯ ವಾಘನನ್ನು ಬೇಟೆಯಾಡಲು ಆರ್ಥರ್ ವೆಲ್ಲೆಸ್ಲಿಗೆ ನೆರವಾದ. 1803ರಲ್ಲಿ ಮರಾಠರ ಮೇಲಿನ ಯುದ್ಧಕ್ಕೆ ಮೈಸೂರಿನ ಕುದುರೆ ಕಳಿಸಿದ. 1804ರ ಹೊತ್ತಿಗೆ ಆ ಸೇತುವೆ. 1807ರಲ್ಲಿ ಯಳಂದೂರು ಜಹಗೀರು. ರಸ್ತೆ, ಕೆರೆ, ಕಾಲುವೆ ಮಾಡಿಸಿದ ಎಂಬುದೂ ನಿಜ, ಆ ಜಮಾಖರ್ಚನ್ನು ಇಂಗ್ಲಿಷರು ಹಾಡಿ ಹೊಗಳಿದರು ಎಂಬುದೂ ನಿಜ. ಇಂಗ್ಲಿಷರು ಯಾರನ್ನು ಹೊಗಳುತ್ತಾರೆ ಎಂಬುದನ್ನು ನಾವು ಅನುಭವದಿಂದ ಬಲ್ಲೆವು. ಮೂವತ್ತು ವರ್ಷ ಕಂಪನಿಯ ವಿರುದ್ಧ, ಹನ್ನೆರಡು ವರ್ಷ ಕಂಪನಿಯ ಅಡಿಯಲ್ಲಿ ದುಡಿದ ಈ ಮನುಷ್ಯನಿಗೆ ನಾಡನ್ನು ಉಳಿಸಿದವನೆಂದು ಸ್ಮಾರಕ ಕಟ್ಟುವವರಿದ್ದಾರೆ. ಟಿಪ್ಪುವಿಗೆ ದ್ರೋಹ ಬಗೆದವನೆಂದು ಮೀರ್ ಸಾದಿಕನ ಜತೆ ನಿಲ್ಲಿಸುವವರೂ ನಮ್ಮಲ್ಲಿ ಇದ್ದಾರೆ. ಅವನ ದ್ರೋಹಕ್ಕೆ ಪುರಾವೆ ಕೇಳಿದರೆ ಇವರೂ ಉರಿಗೌಡನ ಕಥೆಗಾರರಂತೆ ಮೌನ. ಸೋತ ಮೇಲೆ ಅವನು ಬಗ್ಗಿದ. ಎಷ್ಟು ಬಗ್ಗಿದನೆಂಬುದಕ್ಕೆ ಸೇತುವೆಯ ಹೆಸರೇ ಸಾಕ್ಷಿ. ಅಷ್ಟು ಬಗ್ಗಬೇಕಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೆ ಸೋಲುವ ಮುನ್ನ ಅವನು ಇದ್ದ ಜಾಗ ಯಾವುದು, ಯಾರ ಪಕ್ಕ, ಎಂಬುದನ್ನು ಅಳಿಸಲು ಯಾರಿಗೂ ಹಕ್ಕಿಲ್ಲ. 1812ರ ಮಾರ್ಚ್‌ನಲ್ಲಿ ಅವನು ಸತ್ತದ್ದೂ ಶ್ರೀರಂಗಪಟ್ಟಣದಲ್ಲೇ, ತನ್ನ ಹಳೆಯ ದೊರೆಯ ಗುಂಬಜ್ ಇರುವ ದ್ವೀಪದಲ್ಲಿ.

2024ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ದಿನ ನಾಗಮಂಗಲದಲ್ಲಿ ಕಲ್ಲು ತೂರಿದ್ದು, ಅಂಗಡಿಗಳು ಸುಟ್ಟದ್ದು ಎಲ್ಲರೂ ನೋಡಿದರು. ಸುಟ್ಟ ಅಂಗಡಿಯ ಯಜಮಾನನಿಗೆ ಟಿಪ್ಪುವನ್ನು ಕೊಂದವನು ಯಾರು ಎಂಬ ಚರ್ಚೆಯಿಂದ ಒಂದು ಕಾಸಿನ ಪ್ರಯೋಜನವಿಲ್ಲ. ಆದರೆ ಕಲ್ಲೆತ್ತುವ ಹುಡುಗನ ತಲೆಯಲ್ಲಿ ಆ ಕಥೆ ಇರುತ್ತದೆ, ಎರಡೂ ಕಡ��ಯ ಹುಡುಗನ ತಲೆಯಲ್ಲಿ. ಒಬ್ಬನಿಗೆ ಉರಿಗೌಡ ಬೇಕು, ಇನ್ನೊಬ್ಬನಿಗೆ ಮೀರ್ ಸಾದಿಕ್ ಬೇಕು. ಪೂರ್ಣಯ್ಯ ಇಬ್ಬರಿಗೂ ಬೇಡ.

ಆದ್ದರಿಂದ ಸಚಿವರಾಗಿದ್ದವರಿಗೂ ಆಗಲಿರುವವರಿಗೂ ನಮ್ಮ ಕೋರಿಕೆ ಇಷ್ಟೇ. 1799ರ ಕಾಲದ ಒಂದು ಕಾಗದ, ಒಂದು ಶಾಸನ, ಒಂದು ಇನಾಮು ಪತ್ರ, ಪೂರ್ಣಯ್ಯನ ಕಚೇರಿಯ ಕಡತದ ಒಂದು ಸಾಲು, ಯಾವುದರಲ್ಲಾದರೂ ಉರಿಗೌಡ, ನಂಜೇಗೌಡರ ಹೆಸರಿದ್ದರೆ ಅದರ ಪ್ರತಿಯನ್ನು ಕಳಿಸಿಕೊಡಿ. ಈ ಪತ್ರಿಕೆಯ ಮೊದಲ ಪುಟದಲ್ಲಿ, ಒಂದಕ್ಷರವನ್ನೂ ತಿದ್ದದೆ ಅಚ್ಚು ಹಾಕುತ್ತೇವೆ.